ಚಿಕ್ಕದಾಗಿಯೇ ಇರು

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಗಾದೆ. ಚಿಕ್ಕದರ ಮೇಲೆ ನಮಗೆ ಮೊದಲಿನಿಂದಲೂ ಒಂದು ಮೋಹ. ನವರಾತ್ರಿಯಲ್ಲಿ ಬೊಂಬೆ ಕೂರಿಸಿದರೆ ಬಂದವರ ಕಣ್ಣು ಪಟ್ಟದ ಬೊಂಬೆಗಳಿಗಿಂತ ಮೊದಲು ಬೆರಳುದ್ದದ ಒರಳು, ಬೀಸುವ ಕಲ್ಲು, ಒಲೆಗಳ ಮೇಲೆ ಬೀಳುತ್ತದೆ. ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡಿ ಎಳೆಯದನ್ನೇ ಆರಿಸುತ್ತೇವೆ. ಉಪ್ಪಿನಕಾಯಿಗೆ ಮಾವಿನ ಮಿಡಿಯೇ ಆಗಬೇಕು. ಇನ್ನು ಕರುವನ್ನೋ ನಾಯಿಮರಿಯನ್ನೋ ಕಂಡು ಕೈ ಚಾಚದವರು ಯಾರಿದ್ದಾರೆ? ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಚಿಕ್ಕದನ್ನು ಕಂಡು ಅಕ್ಕರೆಪಡುವುದು ಒಂದು. 'ನೀನು ಚಿಕ್ಕದಾಗಿಯೇ ಇರು' ಎಂದು ಅಪ್ಪಣೆ ಮಾಡುವುದು ಇನ್ನೊಂದು. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬ ಪ್ರಶ್ನೆ ಕೆಲವು ದಿನಗಳಿಂದ ನನ್ನ ತಲೆಯಲ್ಲಿ ಕೂತಿದೆ. ಅದನ್ನು ತಂದು ಕೂರಿಸಿದ್ದು ಒಂದು ಹಂದಿ ಎಂದರೆ ನೀವು ನಗಬಹುದು.

ಹಂದಿ ಎಂದ ಕೂಡಲೇ ನಮ್ಮಂಥ ಊರುಗಳವರಿಗೆ ಕಣ್ಣಿಗೆ ಕಟ್ಟುವುದು ಚರಂಡಿ, ತಿಪ್ಪೆ. ಕೊಡಗಿನವರಿಗಾದರೆ ಹಬ್ಬದ ಅಡುಗೆ. ನಾನು ಹೇಳಹೊರಟಿರುವುದು ಇವೆರಡೂ ಅಲ್ಲದ ಮತ್ತೊಂದು ಹಂದಿಯ ಕತೆ. ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಆಸ್ಟಿನ್ ಎಂಬ ಊರಿದೆ. ಹಾರ್ಮೆಲ್ ಎಂಬ ಹೆಸರಾಂತ ಮಾಂಸದ ಕಂಪನಿಯ ಊರು ಅದು. ಅದೇ ಹೆಸರಿನ ಸಂಶೋಧನಾ ಸಂಸ್ಥೆಯೊಂದು 1949ರಲ್ಲಿ ಅಲ್ಲಿ ಒಂದು ವಿಚಿತ್ರ ಕೆಲಸಕ್ಕೆ ಕೈಹಾಕಿತು. ಊರಿಗೆ ಊರೇ ಹಂದಿಯನ್ನು ಬೇಗ ಬೇಗ ದೊಡ್ಡದು ಮಾಡುವುದು ಹೇಗೆಂದು ಯೋಚಿಸುತ್ತಿದ್ದಾಗ, ಈ ಸಂಸ್ಥೆ ಅದನ್ನು ಚಿಕ್ಕದು ಮಾಡಲು ಹೊರಟಿತು.

ಕಾರಣವಿತ್ತು. ಹಂದಿಯ ಹೃದಯ, ರಕ್ತನಾಳ, ಚರ್ಮ, ಜೀರ್ಣಾಂಗ ಇವೆಲ್ಲ ಬಹುಮಟ್ಟಿಗೆ ನಮ್ಮವನ್ನೇ ಹೋಲುತ್ತವೆ. ಹೊಸ ಔಷಧವನ್ನೋ ಶಸ್ತ್ರಚಿಕಿತ್ಸೆಯನ್ನೋ ಮನುಷ್ಯನ ಮೇಲೆ ನೇರವಾಗಿ ಪ್ರಯೋಗಿಸಲು ಯಾರಿಗೂ ಧೈರ್ಯವಿಲ್ಲ. ಮೊದಲು ಹಂದಿಯ ಮೇಲೆ ನೋಡೋಣವೆಂದರೆ ಸಾಧಾರಣ ಸಾಕುಹಂದಿ ಪೂರ್ತಿ ಬೆಳೆದಾಗ 200ರಿಂದ 300 ಕಿಲೋ ತೂಗುತ್ತದೆ. ಅದನ್ನು ಮೇಜಿನ ಮೇಲೆ ಮಲಗಿಸುವವರು ಯಾರು? ಔಷಧದ ಲೆಕ್ಕವೂ ತೂಕದ ಮೇಲೆಯೇ. ಕಿಲೋ ಒಂದಕ್ಕೆ 10 ಮಿಲಿಗ್ರಾಂ ಕೊಡಬೇಕಾದರೆ 40 ಕಿಲೋ ಹಂದಿಗೆ 400 ಮಿಲಿಗ್ರಾಂ ಸಾಕು, 250 ಕಿಲೋ ಹಂದಿಗೆ 2500 ಬೇಕು. ಹೊಸದಾಗಿ ಕಂಡುಹಿಡಿದ ಔಷಧ ಬಂಗಾರಕ್ಕಿಂತ ದುಬಾರಿ. ಮೇವು, ಜಾಗ, ಆಳು, ಎಲ್ಲದರ ಲೆಕ್ಕವೂ ಹೀಗೆಯೇ. ಮನೆ ನಡೆಸುವ ಹೆಂಗಸರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಅವರು ಮಾಡಿದ್ದಾದರೂ ಏನು? ಅಲಬಾಮಾ ಮತ್ತು ಲೂಯಿಸಿಯಾನಾದಲ್ಲಿ ಕಾಡುಪಾಲಾಗಿದ್ದ ಹಂದಿಗಳು, ಕ್ಯಾಲಿಫೋರ್ನಿಯಾದ ಎದುರಿಗಿರುವ ಕ್ಯಾಟಲೀನಾ ದ್ವೀಪದ ಹಂದಿಗಳು, ಶಾಂತಸಾಗರದ ನಡುವಿನ ಗುವಾಮ್ ದ್ವೀಪದ ಹಂದಿಗಳು, ಹೀಗೆ ಅಲ್ಲಲ್ಲಿಯ ಗಿಡ್ಡ ಹಂದಿಗಳನ್ನು ತಂದು ಒಂದಕ್ಕೊಂದು ಕೂಡಿಸಿದರು. ಹುಟ್ಟಿದ ಮರಿಗಳನ್ನು ತೂಗಿದರು. ಹಗುರವಾದವನ್ನು ಮುಂದಿನ ಪೀಳಿಗೆಗೆ ಇಟ್ಟುಕೊಂಡರು. ಮತ್ತೆ ಕೂಡಿಸಿದರು, ಮತ್ತೆ ತೂಗಿದರು.

ನನ್ನ ಅಜ್ಜಿ ಹಿತ್ತಿಲಲ್ಲಿ ಬದನೆ ಬೆಳೆಯುತ್ತಿದ್ದರು. ಗಿಡದಲ್ಲಿ ಒಳ್ಳೆಯ ಕಾಯಿಯೊಂದಕ್ಕೆ ದಾರ ಕಟ್ಟಿ, 'ಇದನ್ನು ಯಾರೂ ಕೀಳಬೇಡಿ, ಬೀಜಕ್ಕೆ ಬಿಟ್ಟಿದ್ದೇನೆ' ಎಂದು ಮನೆಗೆಲ್ಲ ಹೇಳುತ್ತಿದ್ದರು. ಅದು ಹಣ್ಣಾಗಿ ಹಳದಿಯಾದ ಮೇಲೆ ಬೀಜ ತೆಗೆದು, ಬೂದಿಯಲ್ಲಿ ಕಲಸಿ, ಒಣಗಿಸಿ ಎತ್ತಿಡುತ್ತಿದ್ದರು. ಮಿನ್ನೆಸೋಟಾದ ವಿಜ್ಞಾನಿಗಳು ಮಾಡಿದ್ದು ಮೂಲದಲ್ಲಿ ಅಜ್ಜಿಯ ಕೆಲಸವನ್ನೇ. ಮಂತ್ರವಿಲ್ಲ, ಮಾಯವಿಲ್ಲ. ಒಂದು ತಕ್ಕಡಿ, ಒಂದು ಲೆಕ್ಕದ ಪುಸ್ತಕ, ಬೇಕಾದಷ್ಟು ತಾಳ್ಮೆ. ಆದರೆ ಒಂದು ಸೂಕ್ಷ್ಮವಿದೆ. ಮರಿ ಚಿಕ್ಕದಾಗಿರುವುದಕ್ಕೆ ಎರಡು ಕಾರಣಗಳಿರಬಹುದು. ತಂದೆತಾಯಿಯಿಂದ ಬಂದ ಗುಣ ಒಂದು. ಹೊಟ್ಟೆಗೆ ಸಾಲದೆ ಸೊರಗಿದ್ದು ಇನ್ನೊಂದು. ಮೊದಲನೆಯದು ಮಾತ್ರ ಮಕ್ಕಳಿಗೆ ಹರಿಯುತ್ತದೆ. ಎರಡನೆಯದು ಬರೀ ಹಸಿವು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1960ರ ದಶಕದಲ್ಲಿ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದವರು ಈ ಮಿನ್ನೆಸೋಟಾ ಹಂದಿಯನ್ನು ವಿಯೆಟ್ನಾಮಿನ ಡೊಳ್ಳುಹೊಟ್ಟೆಯ ಗಿಡ್ಡ ಹಂದಿಯೊಡನೆ ಕೂಡಿಸಿದರು. ಆಮೇಲೆ ಜರ್ಮನಿಯ ಲ್ಯಾಂಡ್‌ರೇಸ್ ಎಂಬ ಬಿಳಿಯ ಹಂದಿಯ ರಕ್ತವನ್ನೂ ಸೇರಿಸಿದರು. ಚರ್ಮಕ್ಕೆ ಹಚ್ಚುವ ಔಷಧಗಳ ಪರೀಕ್ಷೆಗೆ ಬಿಳಿ ಚರ್ಮ ಅನುಕೂಲವಂತೆ. ಹೀಗೆ ಬಂದ ಗಟಿಂಗೆನ್ ಹಂದಿ ಹುಟ್ಟುವಾಗ ಅರ್ಧ ಕಿಲೋ ಕೂಡ ಇರುವುದಿಲ್ಲ, ಬೆಳೆದ ಮೇಲೆ 35ರಿಂದ 45 ಕಿಲೋ. ಇಂದು ಜಗತ್ತಿನ ಅನೇಕ ಔಷಧ ಪ್ರಯೋಗಾಲಯಗಳಲ್ಲಿ ಇರುವುದು ಇದೇ.

ಇಷ್ಟು ಓದಿದ ನನ್ನ ಗೆಳತಿಯೊಬ್ಬಳು, "ಛೆ, ಪಾಪ! ಎಂಥ ಕ್ರೂರಿಗಳು ಈ ಜನ" ಎಂದಳು. ನನಗೆ ಅಷ್ಟು ಸಲೀಸಾಗಿ ಹಾಗೆನ್ನಲು ಬಾಯಿ ಬರಲಿಲ್ಲ. ಏಕೆಂದರೆ ನಮ್ಮ ಮನೆಯ ಋಣವೊಂದು ಹಂದಿಯ ಹತ್ತಿರ ಬಾಕಿಯಿದೆ.

ನನ್ನ ತಂಗಿಗೆ ಒಂಬತ್ತನೆಯ ವಯಸ್ಸಿನಲ್ಲಿ ರುಮ್ಯಾಟಿಕ್ ಜ್ವರ ಬಂದಿತ್ತು. ಗಂಟಲು ನೋವಿನಿಂದ ಶುರುವಾಗಿ, ಕೀಲುಗಳನ್ನು ಸುತ್ತಿ, ಕೊನೆಗೆ ಹೃದಯಕ್ಕೆ ಇಳಿಯುವ ಜ್ವರ ಅದು. ಮದುವೆಯಾದ ಎರಡನೆಯ ವರ್ಷ, 1994ರಲ್ಲಿ, ಹೃದಯದ ಕವಾಟವನ್ನೇ ಬದಲಿಸಬೇಕೆಂದರು. ಲೋಹದ ಕವಾಟ ಹಾಕಿಸಿದರೆ ಬಹುಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಮಾತ್ರೆ ನುಂಗಬೇಕು. ಆ ಮಾತ್ರೆ ಬಸುರಿಗೂ ಹೊಟ್ಟೆಯಲ್ಲಿರುವ ಕೂಸಿಗೂ ಅಪಾಯ. ಹಂದಿಯ ಕವಾಟವಾದರೆ ಹತ್ತು ಹದಿನೈದು ವರ್ಷವಷ್ಟೇ, ಆದರೆ ಮಗು ಹೆರಬಹುದು. ತಂಗಿ ಒಂದು ಗಳಿಗೆಯೂ ಯೋಚಿಸಲಿಲ್ಲ. "ಅಕ್ಕ, ನನಗೆ ಹಂದೀದೇ ಇರಲಿ" ಎಂದಳು.

ನಮ್ಮದು ಮೊಟ್ಟೆಯನ್ನೂ ಒಳಗೆ ತಾರದ ಮನೆ. ಆಪರೇಷನ್ ಆಗಿ ಮೂರು ತಿಂಗಳಿಗೆ ಅವಳು ತವರಿಗೆ ಬಂದಾಗ ಅಮ್ಮ ನನ್ನನ್ನು ಅಡಿಗೆಮನೆಯ ಮೂಲೆಗೆ ಕರೆದು, "ಇವಳು ದೇವರ ದೀಪ ಹಚ್ಚಬಹುದೇನೇ?" ಎಂದು ಪಿಸುಗುಟ್ಟಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಅವರೇ, "ವರಾಹಸ್ವಾಮಿಯೂ ಹಂದಿಯೇ ತಾನೆ" ಎಂದುಕೊಂಡು ಬತ್ತಿ ಹೊಸೆಯಲು ಕುಳಿತರು. ಆ ಸಂಜೆ ದೀಪ ಹಚ್ಚಿದ್ದು ತಂಗಿಯೇ. ಅವಳ ಮಗಳು 1997ರಲ್ಲಿ ಹುಟ್ಟಿದಳು. ಹದಿಮೂರು ವರ್ಷ ದುಡಿದ ಮೇಲೆ ಆ ಕವಾಟ ಸವೆದು, ಎರಡನೆಯ ಸಲ ಎದೆ ಬಿಚ್ಚಿ ಲೋಹದ್ದನ್ನು ಹಾಕಿದರು. ಎಚ್ಚರವಾದ ಮೇಲೆ ತಂಗಿ ಡಾಕ್ಟರರನ್ನು ಕೇಳಿದ್ದು ಒಂದೇ ಮಾತು: "ಹಳೆಯದನ್ನು ಏನು ಮಾಡಿದಿರಿ, ಡಾಕ್ಟ್ರೇ?"

ಆ ಕವಾಟ ಪ್ರಯೋಗಾಲಯದ ಗಿಡ್ಡ ಹಂದಿಯದಲ್ಲ; ಮಾಂಸಕ್ಕೆಂದು ಸಾಕಿದ ಹಂದಿಗಳ ಕವಾಟಗಳಿಂದ ಅವನ್ನು ತಯಾರಿಸುತ್ತಾರೆ. ಆದರೂ ಪ್ರಾಣಿಯ ಬೆಲೆಯಲ್ಲಿ ಬಂದ ಆರೋಗ್ಯವನ್ನು ಉಂಡವರ ಸಾಲಿನಲ್ಲಿ ನಾವೂ ಕುಳಿತಿದ್ದೇವೆ. ನೀವೂ ಕುಳಿತಿದ್ದೀರಿ, ಮನೆಯಲ್ಲಿ ಮಾತ್ರೆ ನುಂಗುವವರು ಒಬ್ಬರಾದರೂ ಇದ್ದೇ ಇರುತ್ತಾರಲ್ಲ. ಎಲೆಯ ಮುಂದೆ ಕುಳಿತು ಉಂಡು, ಕೈ ತೊಳೆದ ಮೇಲೆ ಅಡಿಗೆಯವರನ್ನು ಕ್ರೂರಿಗಳೆಂದು ಬಯ್ಯುವುದು ನ್ಯಾಯವಲ್ಲ. ಹಾಗೆಂದು ಉಂಡವರು ಅಡಿಗೆಯ ಬಗ್ಗೆ ಕೇಳಲೇಬಾರದು ಎಂದೂ ಅಲ್ಲ. ಕೇಳುವ ಹೊಣೆ ಅವರಿಗೇ ಹೆಚ್ಚು.

ನಾನು ಕೇಳುವ ಮೊದಲ ಪ್ರಶ್ನೆ ಆರಿಸಿದ ಮರಿಯ ಬಗ್ಗೆ ಅಲ್ಲ, ಆರಿಸದೆ ಬಿಟ್ಟದ್ದರ ಬಗ್ಗೆ. ಒಂದೇ ಸೂಲಿನ ಐದಾರು ಮರಿಗಳಲ್ಲಿ ಎರಡು ಹಗುರ ಎಂದು ಉಳಿದುಕೊಂಡವು. ಮಿಕ್ಕವು ಚೆನ್ನಾಗಿ ಬೆಳೆದವು, ಗಟ್ಟಿಮುಟ್ಟಾಗಿದ್ದವು. ಅವುಗಳ ತಪ್ಪು ಅದೇ! ಅವುಗಳ ವಂಶ ಅಲ್ಲಿಗೇ ನಿಂತಿತು. ತಮಾಷೆಯೆಂದರೆ ಅದೇ ಕಾಲದಲ್ಲಿ, ಅದೇ ದೇಶಗಳಲ್ಲಿ, ಮಾಂಸದ ಹಂದಿಗಳಲ್ಲಿ ಬೇಗ ಬೆಳೆದವನ್ನೇ ಆರಿಸುತ್ತ ಹೋದರು. ಆ ಹಂದಿ ಇಂದು ಐದಾರು ತಿಂಗಳಿಗೇ ನೂರು ಕಿಲೋ ದಾಟುತ್ತದೆ. ನಮ್ಮೂರಿನ ಅಂಗಡಿಯ ಬ್ರಾಯ್ಲರ್ ಕೋಳಿಯ ಕತೆಯೂ ಅದೇ. ತನ್ನ ಮೈಯನ್ನು ತನ್ನ ಕಾಲೇ ಹೊರಲಾರದಷ್ಟು ಬೇಗ ಬೆಳೆಯುತ್ತದೆ. ಅತ್ತ ದೊಡ್ಡದಾಗದ್ದು ತಪ್ಪು, ಇತ್ತ ದೊಡ್ಡದಾದದ್ದು ತಪ್ಪು. ತಕ್ಕಡಿ ಒಂದೇ, ಹಿಡಿದ ಕೈಯೂ ಒಂದೇ.

ಎರಡನೆಯದು ಇನ್ನೂ ಕಷ್ಟದ ಪ್ರಶ್ನೆ. ಗಿಡ್ಡವಾಗಿ ಹುಟ್ಟಿದ ಹಂದಿಗೆ ಅನ್ಯಾಯವಾಗಿದೆಯೇ? ನಾನು ಎಷ್ಟು ಯೋಚಿಸಿದರೂ ಬರೀ ಗಿಡ್ಡತನದಲ್ಲಿ ಅನ್ಯಾಯ ಕಾಣುವುದಿಲ್ಲ. ನಮ್ಮ ಮಲೆನಾಡು ಗಿಡ್ಡ ಹಸುವನ್ನೇ ನೋಡಿ. ಮಳೆ, ಗುಡ್ಡ, ಸತ್ವವಿಲ್ಲದ ಹುಲ್ಲು ಸೇರಿ ಅದನ್ನು ಚಿಕ್ಕದು ಮಾಡಿವೆ. ಬೆಳಿಗ್ಗೆ ಕಾಡಿಗೆ ಹೋಗಿ ಸಂಜೆ ತಾನಾಗಿ ಕೊಟ್ಟಿಗೆಗೆ ಬರುವ ಆ ಹಸು ತನ್ನ ಎತ್ತರದ ಬಗ್ಗೆ ಮರುಗುವುದಿಲ್ಲ. ಪ್ರಯೋಗಾಲಯದ ಗಿಡ್ಡ ಹಂದಿಯೂ ತಾನು 250 ಕಿಲೋ ಆಗಬೇಕಿತ್ತು ಎಂದು ಕೊರಗುವುದಿಲ್ಲ. ಆ ಆಯ್ಕೆ ನಡೆಯದಿದ್ದರೆ ಆ ಹಂದಿಯೇ ಹುಟ್ಟುತ್ತಿರಲಿಲ್ಲ, ಬೇರೆ ಯಾವುದೋ ಹುಟ್ಟುತ್ತಿತ್ತು.

ಆದರೆ ಒಂದು ಸಂಗತಿ ಗಮನಿಸಿ. ಅಮೆರಿಕದಲ್ಲಿ ನಾಲ್ಕು ಹಂದಿಗಳಿಗೆ ಕಂಪ್ಯೂಟರ್ ಆಟ ಕಲಿಸಿದ ಪ್ರಯೋಗದ ವರದಿ 2021ರಲ್ಲಿ ಪ್ರಕಟವಾಯಿತು. ಎರಡು ಸಾಧಾರಣ ಹಂದಿಗಳು, ಎರಡು ಹೀಗೆ ಆರಿಸಿ ಚಿಕ್ಕದು ಮಾಡಿದ ತಳಿಯವು. ನಾಲ್ಕೂ ಮೂತಿಯಿಂದ ಹಿಡಿಕೆ ತಳ್ಳಿ ಪರದೆಯ ಮೇಲಿನ ಚುಕ್ಕೆಯನ್ನು ಗುರಿ ಮುಟ್ಟಿಸಲು ಕಲಿತವು. ತಿಂಡಿ ಹಾಕುವ ಯಂತ್ರ ಕೆಟ್ಟಾಗಲೂ, ಕಲಿಸುವವರು ಬಾಯಿಮಾತಿನಲ್ಲಿ ಹುರಿದುಂಬಿಸಿದರೆ ಆಟ ಮುಂದುವರಿಸುತ್ತಿದ್ದವಂತೆ! ಅಂದರೆ ಮೈ ಚಿಕ್ಕದಾಗಿದೆ, ಒಳಗಿನ ಹಂದಿ ಚಿಕ್ಕದಾಗಿಲ್ಲ. ಅದಕ್ಕೆ ಮಣ್ಣು ಕೆದಕಬೇಕು, ಜೊತೆ ಬೇಕು, ಹೆರುವ ಮುನ್ನ ಹುಲ್ಲು ಕಚ್ಚಿ ತಂದು ಗೂಡು ಮಾಡಬೇಕು. ತಕ್ಕಡಿಯಲ್ಲಿ ಇಳಿದದ್ದು ತೂಕ ಮಾತ್ರ, ಆಸೆಗಳಲ್ಲ. ಚಿಕ್ಕ ಮೈಗೆ ಚಿಕ್ಕ ಪಂಜರ ಸಾಕು ಎಂಬ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ.

ಪ್ರಯೋಗಾಲಯದ ಮಾತು ಹೀಗಾದರೆ, ಮುದ್ದಿನ ಮಾತು ಬೇರೆಯೇ. 1985ರ ಸುಮಾರಿಗೆ ವಿಯೆಟ್ನಾಮಿನ ಗಿಡ್ಡ ಹಂದಿಗಳು ಮೃಗಾಲಯಗಳಿಗೆಂದು ಕೆನಡಾಕ್ಕೆ ಬಂದವು. ಕೆಲವೇ ವರ್ಷಗಳಲ್ಲಿ ಅಮೆರಿಕದವರಿಗೆ ಅವು ಮನೆಯ ಮುದ್ದಾದವು. ಮುಂದೆ ಇಂಗ್ಲೆಂಡಿನಲ್ಲೂ ಆ ಗೀಳು ಹಬ್ಬಿತು. 'ಟೀಕಪ್ ಹಂದಿ' ಎಂಬ ಹೆಸರು ಹುಟ್ಟಿತು. ಚಹದ ಬಟ್ಟಲಿನಲ್ಲಿ ಕೂತ ಗುಲಾಬಿ ಮರಿಯ ಚಿತ್ರ ನೋಡಿದರೆ ಯಾರಿಗಾದರೂ ಮನಸ್ಸು ಕರಗಬೇಕು. ಆದರೆ ಆ ಚಿತ್ರ ಒಂದೆರಡು ವಾರದ ಮರಿಯದು. ಬಟ್ಟಲಿನಲ್ಲೇ ಉಳಿಯುವ ಹಂದಿ ಪ್ರಪಂಚದಲ್ಲಿ ಇಲ್ಲ. ಮಾರುವವರು, "ಬನ್ನಿ, ಇದರ ತಾಯಿಯನ್ನೇ ನೋಡಿ, ಎಷ್ಟು ಚಿಕ್ಕದಿದೆ" ಎಂದು ತೋರಿಸುತ್ತಾರೆ. ತಾಯಿ ನಿಜವಾಗಿಯೂ ಚಿಕ್ಕದೇ, ಏಕೆಂದರೆ ಅದೂ ಎಳೆಯದು. ಇಂಥ ಹಂದಿ ಐದಾರು ತಿಂಗಳಿಗೇ ಬಸುರಾಗಬಲ್ಲದು. ಅದರ ಬೆಳವಣಿಗೆ ಮಾತ್ರ ಮೂರು ನಾಲ್ಕು ವರ್ಷ ನಡೆಯುತ್ತಿರುತ್ತದೆ. ಮರಿಯ ಜೊತೆಗೆ ಒಂದು ಬುದ್ಧಿಮಾತೂ ಸಿಗುತ್ತದೆ: 'ಹೆಚ್ಚು ತಿನ್ನಿಸಬೇಡಿ, ದಿನಕ್ಕೆ ಇಷ್ಟೇ ಕೊಡಿ.' ನೆನಪಿಡಿ ಎಂದೆನಲ್ಲ, ಅದು ಇಲ್ಲಿಗೆ. ಇದು ತಳಿಯ ಗುಣವಲ್ಲ, ಹಸಿವು. ವಿಜ್ಞಾನಿಯ ತಕ್ಕಡಿ ಲೆಕ್ಕಕ್ಕೆ ಸೇರಿಸದ ಹಸಿವನ್ನೇ ಈ ವ್ಯಾಪಾರ ಬಂಡವಾಳ ಮಾಡಿಕೊಂಡಿತು.

2012ರಲ್ಲಿ ಕೆನಡಾದ ಇಬ್ಬರು ಯುವಕರು ಹೀಗೆಯೇ 'ಬೆಳೆಯದ ಹಂದಿ' ಎಂದು ನಂಬಿ ಒಂದು ಮರಿಯನ್ನು ಮನೆಗೆ ತಂದರು. ಎಸ್ತರ್ ಎಂದು ಹೆಸರಿಟ್ಟರು. ಎಸ್ತರ್ ಬೆಳೆಯಿತು. ಬೆಳೆದು ಬೆಳೆದು ಸುಮಾರು 300 ಕಿಲೋ ಆಯಿತು! ಅದು ಮಾಂಸದ ತಳಿಯ ಸಾಧಾರಣ ಹಂದಿಯಾಗಿತ್ತು. ಭಾಗವತದ ವರಾಹ ಬ್ರಹ್ಮನ ಮೂಗಿನಿಂದ ಹೆಬ್ಬೆರಳ ಗಾತ್ರ ಉದುರಿ, ನೋಡನೋಡುತ್ತಿದ್ದಂತೆ ಆನೆಯಷ್ಟಾಯಿತಂತೆ. ಬ್ರಹ್ಮನಿಗೂ ಗಾಬರಿಯಾಗಿರಬೇಕು. ಆ ಯುವಕರು ಮಾಡಿದ್ದು ದೊಡ್ಡ ಕೆಲಸ. ಹಂದಿಯನ್ನು ಹೊರದೂಡಲಿಲ್ಲ, ತಾವೇ ಮನೆ ಬದಲಿಸಿದರು. ಜಮೀನು ಹಿಡಿದು, ಅಂಥ ಅನಾಥ ಪ್ರಾಣಿಗಳಿಗೆಲ್ಲ ಆಶ್ರಯ ಕಟ್ಟಿದರು. ಎಸ್ತರ್ 2023ರಲ್ಲಿ ತೀರಿಕೊಂಡಿತು. ಆದರೆ ಎಲ್ಲ ಮರಿಗಳಿಗೂ ಅಂಥವರು ಸಿಗುವುದಿಲ್ಲ. ಬೆಳೆದ ತಪ್ಪಿಗೆ ಬೀದಿಗೆ, ಆಶ್ರಯಧಾಮಕ್ಕೆ, ಕಟುಕರಿಗೆ ಹೋದವೇ ಹೆಚ್ಚು.

ಆರಿಸುತ್ತ ಕೂರುವ ತಾಳ್ಮೆಯೂ ಈಗ ಬೇಕಿಲ್ಲ. ಮೈ ಬೆಳೆಯಲು ಪಿಟ್ಯುಟರಿ ಗ್ರಂಥಿ ಒಂದು ಹಾರ್ಮೋನು ಕಳಿಸುತ್ತದೆ. ಜೀವಕೋಶಗಳಲ್ಲಿ ಅದನ್ನು ಬರಮಾಡಿಕೊಳ್ಳುವ ಬಾಗಿಲುಗಳಿರುತ್ತವೆ. ಅಂಚೆಯಣ್ಣ ದಿನವೂ ಕಾಗದ ತಂದರೂ ಬಾಗಿಲೇ ಇಲ್ಲದಿದ್ದರೆ ಸುದ್ದಿ ಒಳಗೆ ಮುಟ್ಟುವುದು ಹೇಗೆ? ಆ ಬಾಗಿಲನ್ನು ಮಾಡುವ ವಂಶವಾಹಿಯನ್ನು ಕೆಡಿಸಿದರೆ ಹಂದಿ ಬೆಳೆಯುವುದಿಲ್ಲ. ಚೀನಾದ ಶೆಂಜೆನ್ ನಗರದ ಬಿಜಿಐ ಸಂಸ್ಥೆ ಬಾಮಾ ಎಂಬ ಗಿಡ್ಡ ತಳಿಯಲ್ಲಿ, ಜೋಡಿಯಾಗಿರುವ ಈ ವಂಶವಾಹಿಗಳ ಪೈಕಿ ಒಂದನ್ನು ಕೆಡಿಸಿ, ಸುಮಾರು 15 ಕಿಲೋಗೆ ನಿಲ್ಲುವ ಹಂದಿಯನ್ನು ಮಾಡಿತು. ಮೊದಲ ಉದ್ದೇಶ ರೋಗಗಳ ಸಂಶೋಧನೆ. ಆದರೆ 2015ರಲ್ಲಿ ಅವನ್ನು ಮನೆಯಲ್ಲಿ ಸಾಕಲು ಮಾರುವುದಾಗಿ ಸಾರಿತು. ಬೆಲೆ 10,000 ಯುವಾನ್. ಮುಂದೆ ಆ ಯೋಜನೆಯನ್ನು ಕೈಬಿಟ್ಟಿತು.

ಇನ್ನು 2022ರ ಜನವರಿಗೆ ಬನ್ನಿ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಸಾವಿನಂಚಿನಲ್ಲಿದ್ದ ಒಬ್ಬ ರೋಗಿಗೆ ಹಂದಿಯ ಹೃದಯವನ್ನು ಜೋಡಿಸಿದರು. ಆ ಹಂದಿಯಲ್ಲಿ ಹತ್ತು ವಂಶವಾಹಿ ಬದಲಾವಣೆಗಳಿದ್ದವು. ಅವುಗಳಲ್ಲಿ ಒಂದು, ಇದೇ ಬಾಗಿಲನ್ನು ಮುಚ್ಚಿದ್ದು! ಹಂದಿಯ ಹೃದಯ ಮನುಷ್ಯನ ಎದೆಯೊಳಗೆ ಹಿಡಿಸದಷ್ಟು ಬೆಳೆದುಬಿಡಬಾರದಲ್ಲ. ಆತ ಎರಡು ತಿಂಗಳು ಬದುಕಿದ. 2024ರ ಮಾರ್ಚ್‌ನಲ್ಲಿ ಬಾಸ್ಟನ್ನಿನಲ್ಲಿ ಇನ್ನೊಬ್ಬ ರೋಗಿಗೆ ಕೊಟ್ಟ ಮೂತ್ರಪಿಂಡ, ಮೆಕ್ಸಿಕೋ ಮೂಲದ ಯುಕಟಾನ್ ಎಂಬ ಗಿಡ್ಡ ಹಂದಿಯದು. ಅವನೂ ಸುಮಾರು ಎರಡು ತಿಂಗಳು ಬದುಕಿದ.

ವಂಶವಾಹಿ ಒಂದೇ, ಮುಚ್ಚಿದ ಬಾಗಿಲೂ ಒಂದೇ. ಒಂದು ಕಡೆ ಸಾಯುವವನ ಎದೆ, ಇನ್ನೊಂದು ಕಡೆ ಚಹದ ಬಟ್ಟಲು. ಹಾಗಾದರೆ ಸರಿ ತಪ್ಪು ವಿಜ್ಞಾನದ ಕೈಚಳಕದಲ್ಲಿಲ್ಲ. ಯಾರ ಎಂಥ ಅಗತ್ಯಕ್ಕೆ ಎಂಬುದರಲ್ಲಿದೆ. ಪ್ರಾಣ ಉಳಿಸುವ ಅಗತ್ಯಕ್ಕೂ ಮಿತಿಯಿದೆ ಎಂದು ನಾನು ನಂಬುತ್ತೇನೆ. ಬೇರೆ ದಾರಿ ಸಿಕ್ಕ ದಿನ ಆ ಅಗತ್ಯ ಮುಗಿಯುತ್ತದೆ. 2022ರ ಕೊನೆಯಲ್ಲಿ ಅಮೆರಿಕ, 2023ರಲ್ಲಿ ನಮ್ಮ ದೇಶ, ಹೊಸ ಔಷಧಗಳ ಪರೀಕ್ಷೆಯಲ್ಲಿ ಪ್ರಾಣಿಗಳ ಬದಲು ಬೇರೆ ವಿಧಾನಗಳನ್ನೂ ಒಪ್ಪುವಂತೆ ಕಾನೂನು ತಿದ್ದಿದವು. ಆ ದಾರಿ ಅಗಲವಾಗಲಿ. ಅಲ್ಲಿಯವರೆಗೆ ಋಣವನ್ನು ಋಣವೆಂದೇ ಬರೆದಿಡೋಣ. ಆದರೆ ಮುದ್ದಿಗಾಗಿ ಬೆಳವಣಿಗೆಯನ್ನು ಕಸಿದುಕೊಂಡದ್ದನ್ನು ಋಣವೆಂದು ಬರೆಯಲೂ ಬರುವುದಿಲ್ಲ. ಅದಕ್ಕೆ ಬೇರೆ ಹೆಸರಿದೆ.

ಹೆಣ್ಣುಮಕ್ಕಳು ಇದನ್ನು ಬೇಗ ಅರ್ಥಮಾಡಿಕೊಳ್ಳಬಲ್ಲರು ಎಂದುಕೊಂಡಿದ್ದೇನೆ. ನಮ್ಮ ಭಾಷೆಯಲ್ಲಿ ಹುಡುಗಿ ಮೈನೆರೆದರೆ 'ದೊಡ್ಡವಳಾದಳು' ಎನ್ನುತ್ತೇವೆ. ಆರತಿ ಎತ್ತಿ, ಚಿಗುಳಿ ತಿನ್ನಿಸಿ ಸಂಭ್ರಮಪಡುತ್ತೇವೆ. ಆ ಮಾರನೆಯ ದಿನದಿಂದಲೇ ಅವಳಿಗೆ ಚಿಕ್ಕವಳಾಗುವ ಪಾಠ ಶುರು. ದನಿ ಚಿಕ್ಕದಿರಲಿ, ಹೆಜ್ಜೆ ಚಿಕ್ಕದಿರಲಿ, ನಗು ಚಿಕ್ಕದಿರಲಿ. ಗಂಡಿಗಿಂತ ಎತ್ತರ ಬೇಡ, ಓದು ಒಂದು ಗುಲಗಂಜಿ ಕಡಿಮೆಯಿರಲಿ. ಇದೆಲ್ಲ ಪ್ರೀತಿಯಿಂದಲೇ! ನಮ್ಮನ್ನು ಮುದ್ದು ಮಾಡಿದವರೇ ಹೆಚ್ಚಾಗಿ ಈ ಅಳತೆಪಟ್ಟಿ ಹಿಡಿದವರು. ಹಂದಿಯನ್ನೂ ಹೆಣ್ಣನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ನಮಗೆ ಬಾಯಿಯಿದೆ, ಬೇಡವೆನ್ನಬಹುದು, ಅದಕ್ಕೆ ಆಗದು. ಆದರೆ 'ನೀನು ಹಿಡಿಸುವಷ್ಟೇ ಇರು' ಎನ್ನುವ ಪ್ರೀತಿಯ ರುಚಿ ನಮಗೆ ಗೊತ್ತು. ಅದನ್ನು ಉಂಡವರು ಇನ್ನೊಂದು ಜೀವಕ್ಕೆ ಬಡಿಸುವ ಮುನ್ನ ಒಂದು ಸಲ ನಿಲ್ಲಬೇಡವೇ?

ಇದು ದೂರದ ದೇಶಗಳ ಮಾತು ಎಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ಫ್ಲ್ಯಾಟುಗಳಿಗೆ 'ಟೀಕಪ್' ನಾಯಿಮರಿಗಳು ಬರುತ್ತಿವೆ. ನಮ್ಮ ಊರುಗಳಿಗೆ ಬರಲು ಎಷ್ಟು ಹೊತ್ತು? ಮಕ್ಕಳು ಅಂಥದೊಂದರ ಚಿತ್ರ ತೋರಿಸಿ ಕಾಡಿದಾಗ ಬೇಡವೆಂದು ಗದರುವ ಬದಲು ಎರಡು ಪ್ರಶ್ನೆ ಕೇಳಿ. ಇದು ಬೆಳೆಯಲಿಲ್ಲ ಎಂದರೆ ಯಾಕೆ ಬೆಳೆಯಲಿಲ್ಲ? ಬೆಳೆಯಿತು ಎಂದರೆ, ಆಗಲೂ ಇದಕ್ಕೆ ಈ ಮನೆಯಲ್ಲಿ ಜಾಗವಿದೆಯೇ? ಮಕ್ಕಳು ಸುಲಭಕ್ಕೆ ಉತ್ತರ ಕೊಡಲಾರರು. ಕೊಡದಿದ್ದರೂ ಚಿಂತೆಯಿಲ್ಲ, ಅವರೂ ನಮ್ಮ ಜೊತೆ ಕೂತು ಯೋಚಿಸಲಿ.